ಐದು ಜನರ ಅಂಗಾಲು

ನಮ್ಮೂರಲ್ಲಿ ಬಾಯಿಮಾತು ನಡೆಯುವುದು ಕಾಯಿಪಲ್ಯೆ ಕೊಳ್ಳುವಾಗ, ಮಕ್ಕಳನ್ನು ಬೈಯುವಾಗ, ಹೊರಗೆ ಮೋಡ ಕಟ್ಟಿದೆಯೇ ಎಂದು ಕೇಳುವಾಗ. ಅದಕ್ಕಿಂತ ತೂಕದ ಮಾತು ಯಾವುದೇ ಇದ್ದರೂ, ಹೆಣ್ಣು ಕೊಡುತ್ತೇವೆ ಅನ್ನುವುದಿರಲಿ, ಈ ಗೋಡೆ ನಮ್ಮದು ಅನ್ನುವುದಿರಲಿ, ಅದನ್ನು ಮನೆಯ ಪೆಟ್ಟಿಗೆಯಿಂದಲೇ ಆಡಬೇಕು. ಪೆಟ್ಟಿಗೆ ಎಂದರೆ ಸ್ಪೀಕರ್ ಪೆಟ್ಟಿಗೆ. ಅಜ್ಜ ಮುತ್ತಜ್ಜರ ಕಾಲದ್ದು. ಕೆಲವರದು ಹಳೆಯ ರೇಡಿಯೋದ್ದು, ಕೆಲವರದು ನಾಟಕ ಕಂಪನಿಯವರು ಬಿಟ್ಟುಹೋದದ್ದು, ಇನ್ನು ಕೆಲವರದು ಎಲ್ಲಿಂದ ಬಂತೆಂದು ಅವರಿಗೂ ಗೊತ್ತಿಲ್ಲ. ಪೆಟ್ಟಿಗೆ ಇಲ್ಲದ ಮನೆಗೆ ಮಾತಿಲ್ಲ. ಪೆಟ್ಟಿಗೆಯನ್ನು ತಿದ್ದಿಸಬಹುದು, ಬದಲಿಸುವಂತಿಲ್ಲ.

ತಂಟೆ ತಕರಾರು ಬಂದಾಗ ಎರಡೂ ಕಡೆಯವರು ತಮ್ಮ ತಮ್ಮ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಹೇರಿಕೊಂಡು ನಡುಊರಿನ ಕಟ್ಟೆಗೆ ಬರುತ್ತಾರೆ. ಅಲ್ಲಿ ಊರಿನದೇ ಒಂದು ಮೈಕು, ಒಂದು ಆಂಪ್ಲಿಫೈಯರ್ ಇದೆ. ಅವು ಎಲ್ಲರಿಗೂ ಒಂದೇ. ಕಟ್ಟೆಯ ಮೇಲೆ ಐದು ಜನ ಹಿರಿಯರು ಬರಿಗಾಲಲ್ಲಿ, ಅಂಗಾಲನ್ನು ಚಪ್ಪಡಿಗಲ್ಲಿಗೆ ಊರಿ ಕೂತಿರುತ್ತಾರೆ. ಅವರು ಕಿವಿಯಿಂದ ಕೇಳುವುದಿಲ್ಲ. ಯಾರ ಮಾತಿಗೆ ಕಲ್ಲು ಹೆಚ್ಚು ನಡುಗಿತೋ ಅವರದು ನಿಜ. ಕಿವಿಗೆ ಮೋಸ ಮಾಡಬಹುದು, ಅಂಗಾಲಿಗೆ ಮೋಸ ಮಾಡಲಿಕ್ಕಾಗದು ಎಂದು ನಮ್ಮ ಜನ ಬಹಳ ಬುದ್ಧಿವಂತರಂತೆ ಹೇಳುತ್ತಾರೆ. ಮಿಕ್ಕವರೆಲ್ಲ ಅಲ್ಲಿ ಚಪ್ಪಲಿ ಮೆಟ್ಟಿಕೊಂಡೇ ನಿಲ್ಲಬೇಕು. ಬರಿಗಾಲಲ್ಲಿ ನಿಂತವನನ್ನು, ಹಿರಿಯರ ಕೆಲಸಕ್ಕೆ ಕೈಹಾಕಿದ ಎಂದು ಹೊರಗೆ ಕಳಿಸುತ್ತಾರೆ. ಇದನ್ನೆಲ್ಲ ಯಾರು ಯಾವಾಗ ಮಾಡಿದರೋ ನನಗೆ ತಿಳಿಯದು. ನಾನು ಕಣ್ಣು ಬಿಟ್ಟಾಗಲೇ ಹೀಗಿತ್ತು.

ನಾನು ಬಡಿಗೇರ ಮಾನಪ್ಪ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಊರಿನ ಪೆಟ್ಟಿಗೆಗಳಿಗೆ ದಪ್ಪ ದನಿ ಬರಿಸುವುದು ನನ್ನ ಕಸುಬು. ಐವತ್ತೆರಡು ವರ್ಷದಲ್ಲಿ ನನ್ನ ಹತ್ತಿರ ಬಂದ ಒಬ್ಬನೂ, ಮಾನಪ್ಪ, ನನ್ನ ಮಾತು ಬಿಡಿಬಿಡಿಯಾಗಿ ಕೇಳುವ ಹಾಗೆ ಮಾಡಿಕೊಡು ಎಂದು ಕೇಳಲಿಲ್ಲ. ಗುಡುಗಬೇಕು ಅನ್ನುತ್ತಾರೆ. ಎದುರಿನವನ ಎದೆ ಒಡೆಯಬೇಕು ಅನ್ನುತ್ತಾರೆ. ಏನು ಹೇಳುವವನಿದ್ದೀಯಪ್ಪ ಎಂದು ಕೇಳಿದರೆ, ಅದನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುತ್ತಾರೆ. ಮದುವೆಗೆ ಒಪ್ಪಿಗೆ ಹೇಳಲು ಬಂದ ಒಬ್ಬ ವರನ ತಂದೆ, ಹೂಂ ಅನ್ನುವ ಒಂದಕ್ಷರಕ್ಕಾಗಿ ಪೆಟ್ಟಿಗೆಗೆ ಮೂರು ಸಲ ಹಿಂಬದಿಯ ಹೊಸ ಹಲಗೆ ಹಾಕಿಸಿದ. ಹಾಕಿಕೊಟ್ಟೆ. ನನಗೇನು.

ನಾನು ಈಗ ಹೇಳುವುದು ತಂಗೆವ್ವನ ಖಾನಾವಳಿಯ ಸಂಗತಿ. ಊರಿನ ಹಳೆಯ ಟಾಕೀಸು ಮುಚ್ಚಿ ಎಷ್ಟೋ ವರ್ಷವಾಗಿದೆ. ಅದರ ಎಡಮಗ್ಗುಲಿನ ಪಡಸಾಲೆಯಲ್ಲಿ ತಂಗೆವ್ವ ಮೂವತ್ತೊಂದು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಟಾಕೀಸಿನಲ್ಲಿ ಸಿನಿಮಾ ಓಡಿಸುವವನಾಗಿದ್ದ. ಮಷಿನ್ನಿನ ಬೆಳಕಿಗೆ ಅವನ ಕಣ್ಣು ಹೋದಾಗ ಟಾಕೀಸಿನ ಹಿರಿಯ ಸಾವಕಾರರು, ನೀವಿಬ್ಬರೂ ಇರುವತನಕ ಈ ಪಡಸಾಲೆ ನಿಮ್ಮದು ಎಂದಿದ್ದರು. ಅಂದದ್ದು ಬಾಯಿಯಿಂದ. ಪೆಟ್ಟಿಗೆಯಿಂದ ಅಲ್ಲ. ಗಂಡ ಸತ್ತ, ಹಿರಿಯ ಸಾವಕಾರರೂ ಹೋದರು. ಮಗ ರಾಚಪ್ಪ ಸಾವಕಾರ ಒಂದು ದಿನ ಬಂದು, ಪಡಸಾಲೆ ಬಿಡು, ಇಲ್ಲಿ ನನ್ನ ಹೆಸರಿನ ಕಮಾನು ಕಟ್ಟಿಸಬೇಕು ಎಂದ. ಟಾಕೀಸು ಮುಚ್ಚಿದೆ, ಕಮಾನಿನಿಂದ ಯಾರು ಒಳಗೆ ಹೋಗುತ್ತಾರೆ ಎಂದು ತಂಗೆವ್ವ ಕೇಳಿದಳಂತೆ. ಯಾರೂ ಹೋಗದಿದ್ದರೂ ಕಮಾನು ಕಮಾನೇ ಎಂದನಂತೆ. ಮಾತು ಕಟ್ಟೆಗೆ ಹೋಯಿತು. ಹದಿನೈದು ದಿನದ ವಾಯಿದೆ ಸಿಕ್ಕಿತು.

ಊರಿಗೆ ಬಡಿಗೇರ ಒಬ್ಬನೇ. ಹಾಗಾಗಿ ಎರಡೂ ಪೆಟ್ಟಿಗೆ ನನ್ನ ಅಂಗಡಿಗೇ ಬಂದವು.

ರಾಚಪ್ಪನದು ಟಾಕೀಸಿನ ಪರದೆಯ ಹಿಂದೆ ಇದ್ದ ಪೆಟ್ಟಿಗೆ. ನನ್ನ ಎದೆಮಟ್ಟ ಎತ್ತರ, ನಾಲ್ಕು ಜನ ಹೊರಬೇಕು. ಒಳ್ಳೆಯ ಪೆಟ್ಟಿಗೆ ಅದು. ಮಾಡಿದವನು ಯಾರೋ ತಿಳಿದವನು. ಸಡಿಲಾದ ಮೂಲೆಗಳಿಗೆ ಸರೇಸಿನ ಅಂಟು ತುಂಬಿ, ಒಳಗೆ ಎರಡು ಅಡ್ಡಪಟ್ಟಿ ಕೊಟ್ಟರೆ ಇನ್ನೇನೂ ಬೇಡ ಎಂದೆ. ರಾಚಪ್ಪ ಕೇಳಲಿಲ್ಲ. ಮುಂದಿನ ಹಲಗೆಯಲ್ಲಿ ಗಾಳಿ ಹೊರಡುವ ತೂತು ಅಂಗೈ ಅಗಲ ಇತ್ತು, ಅದನ್ನು ಒಲೆಯ ಬಾಯಿಯಷ್ಟು ಮಾಡು ಎಂದ. ತೂತು ಅಷ್ಟು ದೊಡ್ಡದಾದರೆ ಒಳಗಿನ ಗಾಳಿಗೆ ಹಿಡಿತ ಉಳಿಯುವುದಿಲ್ಲ, ಸ್ಪೀಕರಿನ ಕಾಗದ ಸುಮ್ಮನೆ ಬಡಿದುಕೊಳ್ಳುತ್ತದೆ, ಯಾವ ಮಾತು ಆಡಿದರೂ ಒಂದೇ ಬುಂ ಅನ್ನುವ ದನಿ ಬರುತ್ತದೆ ಎಂದು ಹೇಳಿ ನೋಡಿದೆ.

“ಒಂದ ದನಿ ಬಂದ್ರ ಏನಾತು? ದೊಡ್ಡದು ಬರ್ತೈತಿಲ್ಲೋ?” ಎಂದ ರಾಚಪ್ಪ.

“ಬರ್ತೈತ್ರಿ.”

“ಮತ್ತ ಕೊರಿ.”

ಕೊರೆದೆ. ಆ ಮನುಷ್ಯನ ತಂದೆ ಅದೇ ಪೆಟ್ಟಿಗೆಯಲ್ಲಿ ಕೊಳಲಿನ ಹಾಡು ಕೇಳುತ್ತಾ ಕಣ್ಣು ಮುಚ್ಚಿ ಕೂರುತ್ತಿದ್ದದ್ದು ನನಗೆ ನೆನಪಿದೆ. ಮಗನಿಗೆ ಹಲಗೆಗೆ ಇದ್ದಷ್ಟೂ ಕಿವಿ ಇರಲಿಲ್ಲ.

ತಂಗೆವ್ವನ ಪೆಟ್ಟಿಗೆಯನ್ನು ಅವಳೇ ತಲೆಯ ಮೇಲೆ ಹೊತ್ತು ತಂದಿದ್ದಳು. ಹಳೆಯ ರೇಡಿಯೋದ್ದು, ಮೊಳಕ್ಕಿಂತ ಸ್ವಲ್ಪ ದೊಡ್ಡದು. ಹಿಂದೆ ತೂತು ತೂತಿನ ರಟ್ಟು, ಒಳಗೆ ಜಿರಲೆ, ಸ್ಪೀಕರಿನ ಕಾಗದದ ಅಂಚು ಕೈ ತಾಗಿದರೆ ಪುಡಿ. ಅವಳು ಅದನ್ನು ಇಳಿಸಿ, ಸೆರಗಿನಿಂದ ಒರೆಸಿ, “ಅಣ್ಣಾ, ಇದರಿಂದ ಕಲ್ಲು ನಡುಗೂದು ಬ್ಯಾಡ, ನಾ ಆಡೂ ಮಾತು ಆ ಐದು ಮಂದಿಗಿ ಮುಟ್ಟಿದ್ರ ಸಾಕು. ನನ್ನ ಹತ್ರ ಹೇಳೂದು ಐತಿ,” ಎಂದಳು.

ಇಷ್ಟು ವರ್ಷದಲ್ಲಿ ಹೇಳುವುದು ಇದೆ ಎಂದು ಬಂದವಳು ಅವಳೊಬ್ಬಳೇ. ನಾನು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟೆ.

ಹಿಂದಿನ ರಟ್ಟು ಕಿತ್ತು ಹೆಬ್ಬೆರಳು ದಪ್ಪದ ತೇಗದ ಹಲಗೆ ಕೂಡಿಸಿದೆ. ಮೂಲೆ ಮೂಲೆಗೆ ಸರೇಸು, ಮರದ ಪುಡಿ ಕಲಸಿ ತುಂಬಿ, ದೀಪ ಹಿಡಿದು ನೋಡಿ, ಗಾಳಿ ನುಸುಳುವ ಸಂದು ಒಂದೂ ಇಲ್ಲದಂತೆ ಮಾಡಿದೆ. ಪೆಟ್ಟಿಗೆಯ ಮೈ ತಾನು ನಡುಗಬಾರದು. ಅದು ನಡುಗಿದರೆ ದನಿ ಅಲ್ಲೇ ಖರ್ಚಾಗುತ್ತದೆ. ಬೆರಳಿನಿಂದ ಕುಟ್ಟಿ, ಎಲ್ಲಿ ಟೊಳ್ಳು ಶಬ್ದ ಬಂತೋ ಅಲ್ಲಿ ಅಡ್ಡಪಟ್ಟಿ ಕೊಟ್ಟೆ. ಒಳಗೋಡೆಗೆ ಹಳೆಯ ಕಂಬಳಿ ಅಂಟಿಸಿ, ಒಂದು ಹಿಡಿ ಅರಳೆಯನ್ನು ಬಿಡಿಸಿ ಇಟ್ಟೆ. ಕಾಗದದ ಅಂಚಿಗೆ ಮೇಕೆಯ ತೆಳುಚರ್ಮ ಹೊಲಿದೆ. ಕಡೆಗೆ ಮುಂದಿನ ಹಲಗೆಯಲ್ಲಿ ಒಂದು ಸಣ್ಣ ತೂತು ಕೊರೆದು ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೂಡಿಸಿದೆ. ಕೊಳವೆಯ ಉದ್ದದಲ್ಲೇ ಎಲ್ಲಾ ಇದೆ. ಅರ್ಧ ಬೆರಳು ಕೊಯ್ಯುವುದು, ಅಂಗಡಿಯಲ್ಲೇ ಇಟ್ಟುಕೊಂಡ ನನ್ನ ಹಳೆಯ ಮೈಕು, ಆಂಪ್ಲಿಫೈಯರಿಗೆ ಹಚ್ಚಿ ಕೇಳುವುದು, ಮತ್ತೆ ಕಾಲು ಬೆರಳು ಕೊಯ್ಯುವುದು. ಅಂಗಡಿಯೊಳಗೆ ಚಪ್ಪಲಿ ಹಾಕುವ ನಿಯಮ ಇಲ್ಲವಲ್ಲ, ನಾನು ಬರಿಗಾಲಲ್ಲೇ ನಿಂತು ನೋಡುತ್ತಿದ್ದೆ. ಆರನೇ ದಿನ, ಹನ್ನೊಂದನೇ ಸಲ ಕೊಯ್ದಾಗ, ಅದು ಬಂತು. ನಾನು ಮೈಕಿನಲ್ಲಿ ನನ್ನ ಹೆಸರು ಹೇಳಿದರೆ ನೆಲ ಅದನ್ನು ಅಂಗಾಲಿಗೆ ಹೇಳಿತು, ಕಿವಿಗೂ ಒಂದೊಂದೇ ಅಕ್ಷರ ಸೋಸಿದ ಹಾಗೆ ಬಂತು. ಅಂಥ ಕೆಲಸ ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ವಾಯಿದೆಗೆ ಎಂಟು ದಿನ ಇರುವಾಗ ಐವರಲ್ಲಿ ಒಬ್ಬರು ಬಡಿಗೇರನ ಅಂಗಡಿಗೆ ಬಂದು, ಪೆಟ್ಟಿಗೆಗಳು ಅವೇ ಹಳೆಯವೇ, ಬದಲಿಸಿಲ್ಲವೇ ಎಂದು ನೋಡಿ ಹೋಗುವ ಪದ್ಧತಿ. ಆ ಸಲ ಬಂದವರು ಗದಿಗೆಯ್ಯನವರು. ನನಗಿಂತ ನಾಲ್ಕು ವರ್ಷ ಹಿರಿಯರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಂಭೀರವಾಗಿ ಒಳಗೆ ಬಂದರು. ನೆಲದ ಮೇಲೆ ಒಂದು ಮರದ ಪಟ್ಟಿ ಬಿದ್ದಿತ್ತು, ಅದರ ಮೊಳೆಯ ಚೂಪು ಮೇಲಕ್ಕಿತ್ತು. ಅಯ್ಯನವರ ತಡೀರಿ ಅನ್ನುವಷ್ಟರಲ್ಲಿ ಅದರ ಮೇಲೆಯೇ ಕಾಲಿಟ್ಟರು. ಪಟ್ಟಿ ಕಾಲಿಗೆ ಅಂಟಿಕೊಂಡೇ ಎರಡು ಹೆಜ್ಜೆ ಬಂತು. ಅವರು ರಾಚಪ್ಪನ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ, ಎಂಥಾ ಮೈಕಟ್ಟು ನೋಡು ಎನ್ನುತ್ತಿದ್ದರು. ಹೆರೆದ ಸಿಪ್ಪೆಯ ಮೇಲೆ ರಕ್ತ ಬೀಳುತ್ತಿತ್ತು.

ಅವರನ್ನು ಮಣೆಯ ಮೇಲೆ ಕೂರಿಸಿ, ಇಕ್ಕಳ ತಂದು ಮೊಳೆ ಕಿತ್ತೆ. ಆಗಲೂ ಅವರಿಗೆ ತಿಳಿಯಲಿಲ್ಲ. ಇಕ್ಕಳದಲ್ಲಿದ್ದದ್ದನ್ನು ಕಂಡ ಮೇಲೆ ಅಂಗಾಲನ್ನು ಮೇಲಕ್ಕೆ ತಿರುಗಿಸಿ ನೋಡಿಕೊಂಡರು. ಸಕ್ಕರೆ ಕಾಯಿಲೆ, ಒಂಬತ್ತು ವರ್ಷವಾಯಿತು, ಮೊಣಕಾಲಿನ ಕೆಳಗೆ ಕಾಲು ಇದೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕು ಎಂದರು.

“ಹಂಗಾರ ಕಟ್ಟಿ ಮ್ಯಾಲೆ ಹ್ಯಾಂಗ ತೀರ್ಪು ಕೊಡ್ತೀರಿ?”

“ಉಳಿದ ನಾಕು ಮಂದಿಗಿ ತಿಳೀತೈತಲ್ಲೋ ಮಾನಪ್ಪ. ನಾ ಅವರ ಮಾರಿ ನೋಡಿ ತಲಿ ಹಾಕ್ತೀನಿ. ನನ್ನ ಒಬ್ಬನ್ನ ಸಲುವಾಗಿ ಊರ ಪದ್ಧತಿ ಕೆಡಬಾರದು.”

ಉಳಿದ ನಾಲ್ವರನ್ನು ನಾನು ಬಲ್ಲೆ. ಒಬ್ಬರು ಹೋದ ವರ್ಷ ಒಂದು ಕಾಲಿನ ಚಪ್ಪಲಿ ಮನೆಯಲ್ಲೇ ಬಿಟ್ಟು ಸಂತೆಯೆಲ್ಲ ತಿರುಗಿ ಬಂದವರು. ಇನ್ನೊಬ್ಬರು ಒಲೆಯ ಕೆಂಡದ ಮೇಲೆ ಕಾಲಿಟ್ಟುಕೊಂಡು, ಎಲ್ಲೋ ಸುಟ್ಟ ವಾಸನೆ ಎಂದು ಮನೆಯವರನ್ನು ಕೂಗಿದವರು. ಮತ್ತೊಬ್ಬರ ಕಾಲಿನ ಎರಡು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಐದನೆಯವರಿಗೆ ತೊಂಬತ್ತು ದಾಟಿತ್ತು, ಅವರು ಎದ್ದಿದ್ದಾರೋ ಮಲಗಿದ್ದಾರೋ ಎಂದೇ ಹೇಳಲಾಗುತ್ತಿರಲಿಲ್ಲ. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿ ಊರಿನ ಸತ್ಯ ಹೇಳುತ್ತಿದ್ದರು. ಇದನ್ನು ನಾನು ಗದಿಗೆಯ್ಯನವರಿಗೆ ಹೇಳಲಿಲ್ಲ. ಕಾಲಿಗೆ ಅರಿಶಿಣ ಒತ್ತಿ ಬಟ್ಟೆ ಕಟ್ಟಿ, ಒಂದೇ ಮಾತು ಕೇಳಿದೆ. ನೀವು ಯಾವ ಪೆಟ್ಟಿಗೆಗೆ ಮೊದಲು ತಲೆ ಹಾಕುತ್ತೀರಿ?

“ದೊಡ್ಡದಕ್ಕ,” ಎಂದರು ಅಯ್ಯನವರು. “ದೊಡ್ಡದು ಗುಡುಗದ ಇರ್ತೈತೇನು?”

ಅವರು ಕುಂಟದೆ ಹೋದರು. ಕುಂಟಲಿಕ್ಕೂ ನೋವು ಗೊತ್ತಾಗಬೇಕಲ್ಲ.

ಆ ದಿನವೆಲ್ಲ ಕೆಲಸ ಮಾಡಲಿಲ್ಲ. ತಂಗೆವ್ವನ ಮೊಳದುದ್ದದ ಪೆಟ್ಟಿಗೆ ಒಂದು ಕಡೆ, ರಾಚಪ್ಪನ ಎದೆಮಟ್ಟದ ಪೆಟ್ಟಿಗೆ ಒಂದು ಕಡೆ. ನಾನು ಹನ್ನೊಂದು ಸಲ ಕೊಯ್ದು ಕೂಡಿಸಿದ ಕೊಳವೆ ಯಾರ ಕಾಲಿಗೆ ಮುಟ್ಟಬೇಕಿತ್ತೋ ಅವರಿಗೆ ಕಾಲೇ ಇರಲಿಲ್ಲ. ಸಂಜೆ ತಂಗೆವ್ವನನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನಂಬಲಿಲ್ಲ, ಆಮೇಲೆ ನಕ್ಕಳು, ಆಮೇಲೆ ನಗಲಿಲ್ಲ. ಒಂದೇ ದಾರಿ ಇದೆ ಎಂದೆ. ನಿನ್ನ ಪೆಟ್ಟಿಗೆಯ ಹೊರಗೆ ಇನ್ನೊಂದು ಪೆಟ್ಟಿಗೆ ಕಟ್ಟುತ್ತೇನೆ, ಆಳೆತ್ತರದ್ದು, ಪಾಲಿಶ್ ಹೊಡೆದು. ಒಳಗೆ ಬರೀ ಟೊಳ್ಳು. ತಿದ್ದಿದ್ದು ಎಂದೇ ಲೆಕ್ಕ, ಬದಲಿಸಿದ್ದಲ್ಲ. ಆದರೆ ಹಳೆಯ ಹಲಗೆ ಇನ್ನೊಂದು ತೂತು ತಡೆಯದು, ಆ ಭಾರ ನಿಲ್ಲಬೇಕಾದರೆ ಕೊಳವೆ ಕಿತ್ತು ಅದೇ ತೂತಿನಲ್ಲಿ ಬೋಲ್ಟು ಹಾಕಬೇಕು. ದನಿ ಸತ್ತುಹೋಗುತ್ತದೆ.

“ಮತ್ತ ನಾ ಆಡೂ ಮಾತು, ಅಣ್ಣಾ?”

“ಮಾತು ಹ್ಯಾಂಗರ ಹೋಗ್ಲಿ, ಒಲಿ ಉಳೀತೈತಿ.”

ಅವಳು ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಒಲೆ ಹೋದರೆ ಅವಳಿಗೆ ಬೇರೆ ಏನೂ ಇರಲಿಲ್ಲ. ಕಟ್ರಿ ಹಂಗಾರ ಎಂದು ಹೋದಳು.

ಕೊಳವೆಯನ್ನು ನಾನೇ ಕಿತ್ತೆ. ಸರೇಸು ಗಟ್ಟಿ ಹಿಡಿದಿತ್ತು, ಸುಲಭಕ್ಕೆ ಬರಲಿಲ್ಲ. ಆಮೇಲಿನದು ಬಡಿಗೇರನ ಕೆಲಸವೇ ಅಲ್ಲ. ಸಾಮಾನು ತುಂಬಿ ಬರುವ ಕಟ್ಟಿಗೆ ಡಬ್ಬಿಯ ಹಲಗೆ, ಮೊಳೆ, ಮೇಲೆ ಒಂದು ಪದರ ಕಂದು ಬಣ್ಣ, ಅದರ ಮೇಲೆ ಪಾಲಿಶು. ನಾಲ್ಕು ಮೂಲೆಗೆ ಹಿತ್ತಾಳೆಯ ಹೂವು. ತಯಾರಾದಾಗ ಅದು ನನಗಿಂತ ಒಂದು ಗೇಣು ಎತ್ತರ ಇತ್ತು. ಕುಟ್ಟಿದರೆ ಖಾಲಿ ಡಬ್ಬಿಯ ಶಬ್ದ. ಆದರೆ ನಮ್ಮೂರಲ್ಲಿ ಪೆಟ್ಟಿಗೆಯನ್ನು ಯಾರೂ ಕುಟ್ಟಿ ನೋಡುವುದಿಲ್ಲ, ಕೈಮುಗಿಯುತ್ತಾರೆ. ಕೈಗಾಡಿಯಲ್ಲಿ ಅದು ಹೋಗುವಾಗ ಇಬ್ಬರು ಮುದುಕಿಯರು ನಿಂತು ಕೈಮುಗಿದೇ ಬಿಟ್ಟರು.

ವಾಯಿದೆಯ ದಿನ ಬೆಳಿಗ್ಗೆ ಕಟ್ಟೆಯ ಸುತ್ತ ಜನವೋ ಜನ, ಎಲ್ಲರ ಕಾಲಲ್ಲೂ ಚಪ್ಪಲಿ. ರಾಚಪ್ಪ ಮೊದಲು ಮಾತಾಡಿದ. ಒಲೆಯ ಬಾಯಿಯಂಥ ಆ ತೂತಿನಿಂದ ಬುಂ ಬುಂ ಎಂದು ಬಂತು. ಪಡಸಾಲೆ ಎಂದನೋ, ತಂದೆ ಎಂದನೋ, ಕಮಾನು ಎಂದನೋ, ಎಲ್ಲಾ ಒಂದೇ. ಚಹಾದ ಅಂಗಡಿಯ ಲೋಟಗಳು ಕುಣಿದವು. ಕಲ್ಲು ಮಾತ್ರ ನಿಜವಾಗಿ ನಡುಗಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಚಪ್ಪಲಿಯ ಮೂಲಕವೂ ತಿಳಿಯಿತು. ಹಿರಿಯರು ಐವರೂ ಅವನ ಪೆಟ್ಟಿಗೆಯನ್ನು ನೋಡಲೇ ಇಲ್ಲ. ಅವರ ಕಣ್ಣು ಆಗಲೇ ಪಕ್ಕದ ಆಳೆತ್ತರದ ಪೆಟ್ಟಿಗೆಯ ಮೇಲಿತ್ತು.

ಆಮೇಲೆ ತಂಗೆವ್ವ ಮೈಕಿನ ಮುಂದೆ ನಿಂತಳು. ತೊಳೆದ ಇಳಕಲ್ಲು ಸೀರೆ ಉಟ್ಟಿದ್ದಳು, ಕೈ ಮುಂದೆ ಕಟ್ಟಿಕೊಂಡಿದ್ದಳು. ಮಾತಾಡಿದಳು, ಸಾಕಷ್ಟು ಹೊತ್ತೇ ಮಾತಾಡಿದಳು. ಆ ಮಹಾ ಪೆಟ್ಟಿಗೆಯಿಂದ ಬಂದದ್ದು ಮುಚ್ಚಿದ ಡಬ್ಬಿಯೊಳಗೆ ನೊಣ ಗುಂಯ್ ಅಂದಂಥ ದನಿ. ನಾನು ಎಡಮೂಲೆಯನ್ನು ನೋಡುತ್ತಿದ್ದೆ, ಅಲ್ಲಿ ಒಂದು ಮೊಳೆಯ ತಲೆ ಪಾಲಿಶಿನಿಂದ ಹೊರಗೆ ಇಣುಕಿತ್ತು. ಅಲ್ಲಿಂದ ಕಣ್ಣು ತೆಗೆದು ಹಿರಿಯರ ಕಾಲು ನೋಡಿದೆ. ಚಪ್ಪಲಿ ಮರೆತು ಸಂತೆ ತಿರುಗಿದವರು ಮೊದಲು ಹಿಮ್ಮಡಿಯನ್ನು ಸ್ವಲ್ಪ ಎತ್ತಿದರು, ಕಲ್ಲು ತಡೆಯದಷ್ಟು ನಡುಗುತ್ತಿದೆ ಅನ್ನುವಂತೆ. ಅವರನ್ನು ನೋಡಿ ಕೆಂಡ ತುಳಿದವರು ಎರಡೂ ಕಾಲು ಎತ್ತಿದರು. ಬೆರಳಿಲ್ಲದವರು ಹಲ್ಲು ಕಚ್ಚಿಕೊಂಡರು. ಗದಿಗೆಯ್ಯನವರು ಮೊಣಕಾಲು ಹಿಡಿದುಕೊಂಡು, ಶಿವಾ ಎಂದರು. ತೊಂಬತ್ತರ ಅಜ್ಜನೂ ಎಚ್ಚರಾಗಿ, ಏನಾಯಿತು ಎಂದು ಕೇಳಿ, ತಿಳಿದುಕೊಂಡು, ತಾವೂ ನಡುಗಿದರು. ಜನರು ಹಿರಿಯರ ಕಾಲು ನೋಡಿ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ನನ್ನ ಪಕ್ಕದವನು, ಏನು ಗುಡುಗು ಮಾರಾಯಾ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ.

ತೀರ್ಪು ತಂಗೆವ್ವನ ಕಡೆಗೆ ಆಯಿತು.

ಅಲ್ಲಿದ್ದವರಲ್ಲಿ ನಿಜ ಹೇಳಿದವನು ಒಬ್ಬನೇ, ಅವನು ರಾಚಪ್ಪ. ಅವನಿಗೆ ಅಂಥ ಅಭ್ಯಾಸ ಇರಲಿಲ್ಲ, ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂತು. ಆ ಪೆಟ್ಟಿಗೆಯಲ್ಲಿ ದಪ್ಪ ದನಿಯೇ ಇಲ್ಲ, ಖಾಲಿ ಡಬ್ಬಿ, ಬೇಕಾದರೆ ಎಲ್ಲರೂ ಚಪ್ಪಲಿ ಬಿಟ್ಟು ನೋಡಿ ಎಂದು ತನ್ನ ಚಪ್ಪಲಿ ಬಿಟ್ಟೇಬಿಟ್ಟ. ಜನ ಅವನ ಬರಿಗಾಲು ನೋಡಿ ಛೇ ಎಂದರು. ಒಬ್ಬನೂ ಚಪ್ಪಲಿ ಬಿಡಲಿಲ್ಲ. ಆಗ ಅವನು ನನ್ನ ಕಡೆ ಕೈ ತೋರಿಸಿದ. ಎರಡನ್ನೂ ತಿದ್ದಿದವನು ಇವನು, ಇವನನ್ನೇ ಕೇಳಿ ಎಂದ. ಜನ ನನ್ನ ಕಡೆ ತಿರುಗಿದರು. ಗದಿಗೆಯ್ಯನವರು ನನ್ನನ್ನು ನೋಡಿದರು. ಅವರ ಕಾಲಿನ ಬಟ್ಟೆ ನಾನು ಕಟ್ಟಿದ್ದೇ, ಇನ್ನೂ ಬಿಚ್ಚಿರಲಿಲ್ಲ. ಆಚೆ ತಂಗೆವ್ವ ನನ್ನ ಕಡೆ ನೋಡದೆ ಮೈಕಿನ ತಂತಿ ನೋಡುತ್ತಾ ನಿಂತಿದ್ದಳು.

“ಹೇಳು ಮಾನಪ್ಪ,” ಎಂದರು ಅಯ್ಯನವರು. “ಅದರಾಗ ದನಿ ಐತೋ ಇಲ್ಲೋ?”

ಇದೆ ಅಂದರೆ ನನ್ನ ಕಸುಬಿಗೆ ಸುಳ್ಳು. ಇಲ್ಲ ಅಂದರೆ ಅವಳ ಒಲೆ ಆರುತ್ತದೆ. ಐವತ್ತೆರಡು ವರ್ಷ ನಾನು ಮನಸ್ಸಿನಲ್ಲೇ ಉಗಿಯುತ್ತ ಬಂದ ಊರಿನ ಪದ್ಧತಿ ಆಗ ನನ್ನ ಕೈಹಿಡಿಯಿತು.

“ನಾ ಪೆಟ್ಟಿಗಿ ತಂದಿಲ್ಲರಿ, ಅಯ್ಯನವರ,” ಎಂದೆ. “ಬಾಯಿಮಾತು ನಡೀತೈತೇನ್ರಿ?”

ಅವರು ಉಳಿದ ನಾಲ್ವರ ಮುಖ ನೋಡಿದರು. ನಾಲ್ವರು ಅವರ ಮುಖ ನೋಡಿದರು. ನಡೆಯುವುದಿಲ್ಲ ಎಂದರು. ಜನ ತಲೆದೂಗಿದರು, ಬಡಿಗೇರ ಪದ್ಧತಿ ತಿಳಿದವನು ಎಂದರು. ರಾಚಪ್ಪನನ್ನು ಬರಿಗಾಲಲ್ಲಿ ನಿಂತದ್ದಕ್ಕೆ ಕಟ್ಟೆಯಿಂದ ಹೊರಗೆ ಕಳಿಸಿದರು.

ನಾಲ್ಕು ದಿನದ ಮೇಲೆ ರಾಚಪ್ಪ ನನ್ನ ಅಂಗಡಿಗೆ ಬಂದ. ಜಗಳಕ್ಕೆ ಬಂದ ಎಂದುಕೊಂಡು ಉಳಿ ಕೆಳಗಿಟ್ಟೆ. ಅವನು ಮಣೆಯ ಮೇಲೆ ಕೂತು, ತನ್ನ ಪೆಟ್ಟಿಗೆಗೂ ಹೊರಗಿನದೊಂದು ಕಟ್ಟಿಕೊಡು, ಅವಳದ್ದಕ್ಕಿಂತ ಒಂದು ಮೊಳ ಹೆಚ್ಚಿಗೆ ಇರಲಿ ಎಂದ. ಆ ದೊಡ್ಡ ತೂತು ಮುಚ್ಚಿ ಮೊದಲಿನಂತೆ ಮಾಡಿಕೊಡಲೇ, ಕೊಳಲು ಕೇಳಬಹುದು ಎಂದೆ. ಯಾಕೆ ಎಂದು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ. ಅವನ ಹಿಂದೆ ಇನ್ನೂ ಏಳು ಜನ ಬಂದರು. ಈಗ ಊರಿನಲ್ಲಿ ಆಳೆತ್ತರಕ್ಕಿಂತ ಸಣ್ಣ ಪೆಟ್ಟಿಗೆ ಇಲ್ಲ. ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ಕೆಲವರು ಬಾಗಿಲನ್ನೇ ಒಡೆಸಿ ದೊಡ್ಡದು ಮಾಡಿಸಿದ್ದಾರೆ. ಆ ಬಾಗಿಲುಗಳನ್ನೂ ನಾನೇ ಮಾಡಿದೆ.

ಮಧ್ಯಾಹ್ನದ ಊಟ ನನಗೆ ತಂಗೆವ್ವನ ಖಾನಾವಳಿಯಲ್ಲೇ. ತೀರ್ಪಾದ ಮೇಲೆ ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ದಿನ ಜನ ಕಡಿಮೆ ಇದ್ದರು. ತಟ್ಟೆಗೆ ರೊಟ್ಟಿ ಹಾಕಿ, ಪುಂಡಿಪಲ್ಯೆ ಬಡಿಸಿ, ಅಲ್ಲೇ ನಿಂತಳು.

“ಅಣ್ಣಾ, ಅವತ್ತ ಕಟ್ಟಿ ಮುಂದ ನಾ ಏನು ಹೇಳಿದೆ, ನಿಮಗ ಕೇಳಿಸ್ತೇನ್ರಿ?”

“ಸಣ್ಣಗ ಕೇಳಿಸ್ತವ್ವ,” ಎಂದೆ.

“ಏನು ಕೇಳಿಸ್ತು?”

ನನಗೆ ನೆನಪಿನ ಶಕ್ತಿ ಚೆನ್ನಾಗಿದೆ. ಯಾವ ವರ್ಷ ಯಾರ ಪೆಟ್ಟಿಗೆಗೆ ಯಾವ ಮರ ಹಾಕಿದೆ ಎಂದು ಈಗಲೂ ಹೇಳುತ್ತೇನೆ. ಆ ಬೆಳಿಗ್ಗೆಯದೂ ಎಲ್ಲಾ ನೆನಪಿದೆ. ಯಾರು ಮೊದಲು ಕಾಲೆತ್ತಿದರು, ಯಾರ ಹಿಮ್ಮಡಿ ಎಷ್ಟು ಒಡೆದಿತ್ತು, ಎಡಮೂಲೆಯ ಮೊಳೆಯ ತಲೆ, ಅವಳ ಸೀರೆಯ ದಡಿಯ ಬಣ್ಣ. ಅವಳ ಮಾತಿಗಾಗಿ ಹುಡುಕಿದೆ. ಒಂದಾದರೂ ಸಿಕ್ಕೀತೆಂದು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಾ ಕೂತೆ.

ಅವಳು ಕಾದಳು. ಅವಸರ ಮಾಡಲಿಲ್ಲ.

“ಎಂಟು ದಿನ ರೊಟ್ಟಿ ಬಡೀತ ಬಾಯಿಪಾಠ ಮಾಡಿದ್ದೆ,” ಎಂದಳು ಆಮೇಲೆ. ಹಿಂದಿನ ಮಣೆಯಿಂದ ಯಾರೋ ಪಲ್ಯೆ ಕೇಳಿದರು. ಅವಳು ಸೌಟು ತೆಗೆದುಕೊಂಡು ಆ ಕಡೆ ಹೋದಳು.